ಒಂದು ಮಾರ್ಕು ಮುಂದೆ

ಮಗಳನ್ನು ಫೇಲು ಮಾಡಿಕೊಡಿ ಎಂದು ಅಪ್ಪ ಕೇಳಿದಾಗ ಹೆಡ್‌ಮೇಡಮ್ಮಿಗೆ ತಮ್ಮ ಕಿವಿಯ ಮೇಲೇ ಅನುಮಾನ ಬಂತು. ಅವರು ಆ ಕುರ್ಚಿಯಲ್ಲಿ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಎದುರಿನ ಬೆಂಚಿನ ಮೇಲೆ ಕೂತು ಗೋಗರೆದ ಅಪ್ಪಂದಿರು, ಮೂಗು ಒರೆಸಿಕೊಂಡ ಅಮ್ಮಂದಿರು ಎಷ್ಟೋ ಜನ. ಅವರೆಲ್ಲರೂ ಕೇಳಿದ್ದು ಪಾಸು.

"ಮೂರನೇ ಕ್ಲಾಸಿಗೇ ಫಸ್ಟು ಬಂದಿದಾಳಲ್ರೀ ನಿಮ್ಮ ಮಗಳು."

"ಅದೇ ತೊಂದರೆ ಆಗಿರೋದು ಮೇಡಂ," ಎಂದ ಅಪ್ಪ.

ಬಾಗಿಲ ಬಳಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ಆ ಮಗಳಿಗೆ ಆಗ ಒಂಬತ್ತು ವರ್ಷ. ಮನೆಯಲ್ಲಿ ಅವಳನ್ನು ಚಿಕ್ಕೋಳು ಎಂದೂ ಅವಳ ಅಣ್ಣನನ್ನು ದೊಡ್ಡೋನು ಎಂದೂ ಕರೆಯುತ್ತಿದ್ದರು. ಬೇರೆ ಹೆಸರುಗಳು ಶಾಲೆಯ ಹಾಜರಿ ಪುಸ್ತಕದಲ್ಲಿದ್ದವು. ಅವು ಅಲ್ಲೇ ಇದ್ದವು. ದೊಡ್ಡೋನಿಗೆ ಹದಿಮೂರು. ಮೂರನೇ ಕ್ಲಾಸಿನ ಬೆಂಚಿನಲ್ಲಿ ಅವನದು ಐದನೇ ವರ್ಷ. ಕೂತರೆ ಅವನ ಮೊಣಕಾಲು ಡೆಸ್ಕನ್ನು ಎತ್ತಿಬಿಡುತ್ತಿತ್ತು. ಅವಳು ಒಂದು, ಎರಡು ಎಂದು ಹಿಂದಿನಿಂದ ಬಂದು ಆ ವರ್ಷ ಅವನ ಪಕ್ಕಕ್ಕೇ ಬಂದು ಕೂತಿದ್ದಳು. ಇನ್ನು ನಾಲ್ಕಕ್ಕೆ ಹೋದರೆ ತಂಗಿ ಅಣ್ಣನನ್ನು ದಾಟಿದಂತೆ. ಅದು ಅವರ ಮನೆಯಲ್ಲಿ ಆಗುವ ಮಾತಾಗಿರಲಿಲ್ಲ.

ಈ ಮಾತು ಎಲ್ಲಿಂದ ಶುರುವಾಯಿತು ಎಂದರೆ, ದೊಡ್ಡೋನಿಗೆ ಐದು ತುಂಬಿದಾಗ ಡಾಕ್ಟರು ಅವನನ್ನು ಅರ್ಧ ಗಂಟೆ ನೋಡಿ, ಇವನ ಮೈ ಬೆಳೆದ ಹಾಗೆ ಬುದ್ಧಿ ಬೆಳೆಯೋದಿಲ್ಲ ಎಂದಿದ್ದರು. ಆಗ ಚಿಕ್ಕೋಳಿಗೆ ಒಂದು ವರ್ಷ. ಅದನ್ನು ಕೇಳಿ ಸಮಾಧಾನ ಹೇಳಲು ಬಂದ ಅಪ್ಪನ ಅಕ್ಕ ತೊಟ್ಟಿಲಲ್ಲಿದ್ದ ಕೂಸಿನ ಕೆನ್ನೆ ಹಿಂಡಿ, "ಹೋಗ್ಲಿ ಬಿಡು, ಇವಳಿದಾಳಲ್ಲ. ನಾಳೆ ನೀವು ಹೋದ್ಮೇಲೆ ಇವನನ್ನ ನೋಡ್ಕೊಳ್ಳೋಕೆ ಒಬ್ಬಳಾದ್ಲು," ಎಂದಳು. ಅಮ್ಮ ಆ ಅತ್ತಿಗೆಗೆ ಕುಡಿಯಲು ನೀರು ಕೊಟ್ಟಳು, ಚಪ್ಪಲಿ ಎಲ್ಲಿದೆ ಎಂದು ತೋರಿಸಿದಳು, ಬಾಗಿಲು ಹಾಕಿಕೊಂಡು ಬಂದು ಗಂಡನಿಗೆ ಹೇಳಿದಳು: "ಈ ಮನೇಲಿ ಚಿಕ್ಕವರು ದೊಡ್ಡವರನ್ನ ನೋಡ್ಕೊಳ್ಳೋದಿಲ್ಲ. ಅವನು ದೊಡ್ಡೋನು. ದೊಡ್ಡೋನಾಗೇ ಇರ್ತಾನೆ."

ಅಪ್ಪ ಇದನ್ನು ಕಾಯಿದೆಯಂತೆ ತೆಗೆದುಕೊಂಡ. ಅವನ ಕಸುಬು ತಕ್ಕಡಿ ರಿಪೇರಿ. ಅಂಗಡಿಗಳ ತಕ್ಕಡಿ ಯಾವ ಕಡೆಗೆ ಎಷ್ಟು ವಾಲುತ್ತದೆ ಎಂದು ನೋಡಿ ಸರಿ ಮಾಡಿ ಮುದ್ರೆ ಒತ್ತಿಕೊಡುವುದು. ಒಮ್ಮೆ ಸರಿ ಮಾಡಿದ್ದು ಮತ್ತೆ ವಾಲಬಾರದು ಎಂಬುದಷ್ಟೇ ಅವನಿಗೆ ಗೊತ್ತಿದ್ದ ನ್ಯಾಯ. ಅಂದಿನಿಂದ ಮನೆಯಲ್ಲಿ ತಟ್ಟೆ ಮೊದಲು ದೊಡ್ಡೋನಿಗೆ. ಸ್ನಾನ ಮೊದಲು ದೊಡ್ಡೋನಿಗೆ. ಹೊಸ ಪುಸ್ತಕಕ್ಕೆ ಕಾಗದ ಹಾಕುವುದಾದರೆ ಮೊದಲು ಅವನದಕ್ಕೆ, ಅವನು ಅದನ್ನು ತೆರೆಯುವುದೇ ಇಲ್ಲವಾದರೂ. ಬಾಗಿಲು ದಾಟುವಾಗಲೂ ಅವನೇ ಮೊದಲು. ಅವನು ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ನಿಲ್ಲಿಸಿ ಗೋಡೆ ನೋಡುತ್ತ ನಿಂತರೆ ಹಿಂದೆ ಮೂರು ಜನ ಸಾಲಾಗಿ ಕಾಯುತ್ತಿದ್ದರು.

ದೊಡ್ಡೋನು ಇದನ್ನೆಲ್ಲ ಸಂತೋಷದಿಂದ ಒಪ್ಪಿಕೊಂಡಿದ್ದ ಎಂದರೆ ಕಡಿಮೆ ಹೇಳಿದಂತೆ. ಅಂಥ ಮಕ್ಕಳು ದೇವರಂತೆ, ಮುಗ್ಧರು ಎಂದೆಲ್ಲ ಪಕ್ಕದ ಮನೆಯವರು ಹೇಳುತ್ತಿದ್ದರು. ಅವರು ಅವನ ಜೊತೆ ಊಟಕ್ಕೆ ಕೂತವರಲ್ಲ. ಚಿಕ್ಕೋಳು ಅವನಿಗಿಂತ ಮೊದಲು ಒಂದು ತುತ್ತು ಬಾಯಿಗಿಟ್ಟರೆ ಅವಳ ಕೈಗೆ ಫಟ್ಟೆಂದು ಬೀಳುತ್ತಿತ್ತು. "ನಾನಿನ್ನೂ ಶುರು ಮಾಡಿಲ್ಲ," ಎನ್ನುತ್ತಿದ್ದ, ಆಫೀಸಿನ ಮೇಲಧಿಕಾರಿಯಂತೆ. ಮನೆಯಲ್ಲಿ ಯಾರಾದರೂ ನಕ್ಕರೆ ಅವನಿಗೆ ಕಾರಣ ತಿಳಿಯಬೇಕು. ಅಮ್ಮ ವಿವರಿಸಬೇಕು, ಅಪ್ಪ ಉದಾಹರಣೆ ಕೊಡಬೇಕು, ಎಲ್ಲ ಅರ್ಥವಾದ ಮೇಲೆ ಅವನು ಒಬ್ಬನೇ ಜೋರಾಗಿ ನಗಬೇಕು. ಅಷ್ಟು ಹೊತ್ತಿಗೆ ಉಳಿದವರಿಗೆ ಅದು ನಗು ಬರುವ ವಿಷಯವಾಗಿ ಉಳಿದಿರುತ್ತಿರಲಿಲ್ಲ.

ಹೆಡ್‌ಮೇಡಂ ಫೇಲು ಮಾಡಲು ಒಪ್ಪಲಿಲ್ಲ. "ಫಸ್ಟ್ ಬಂದವಳನ್ನ ಫೇಲು ಮಾಡಿ ನಾನು ಎಲ್ಲಿಗೆ ಹೋಗ್ಲಿ?"

"ಹಾಗಾದ್ರೆ ಅವನನ್ನೂ ಮುಂದಕ್ಕೆ ಕಳಿಸಿ."

"ಅವನು ಪೆನ್ಸಿಲ್ಲು ಹಿಡಿಯೋದಿಲ್ವಲ್ರೀ."

"ಅವಳು ಹಿಡೀತಾಳೆ."

ಆ ಶಾಲೆಯಲ್ಲಿ ಇದ್ದದ್ದೇ ಅರವತ್ತೊಂದು ಮಕ್ಕಳು. ಅರವತ್ತಕ್ಕಿಂತ ಕಡಿಮೆಯಾದರೆ ಮುಚ್ಚುತ್ತೇವೆ ಎಂದು ಮೇಲಿನವರು ಹೇಳಿದ್ದರು. ಇಬ್ಬರನ್ನೂ ಬೇರೆ ಕಡೆ ಸೇರಿಸುತ್ತೇನೆ ಎಂದು ಅಪ್ಪ ಹೇಳಲಿಲ್ಲ, ಅವನಿಗೆ ಅದು ಹೊಳೆದೂ ಇರಲಿಲ್ಲ. ಹೆಡ್‌ಮೇಡಮ್ಮಿಗೆ ಹೊಳೆಯಿತು. ಅವರು ಬೀರು ತೆಗೆದು ನಿಯಮಗಳ ಪುಸ್ತಕ ಹುಡುಕಿದರು. ಬರೆಯಲಾಗದ ಮಗು ಉತ್ತರವನ್ನು ಬಾಯಲ್ಲಿ ಹೇಳಬಹುದು, ಬೇರೊಬ್ಬರು ಅದನ್ನು ಬರೆದುಕೊಳ್ಳಬಹುದು ಎಂದು ಅದರಲ್ಲಿತ್ತು. ಆ ಬೇರೊಬ್ಬರು ಅದೇ ಕ್ಲಾಸಿನ ತಂಗಿಯಾಗಬಾರದು ಎಂದು ಸ್ಪಷ್ಟವಾಗಿ ಎಲ್ಲೂ ಇರಲಿಲ್ಲ. ಇಂಥದ್ದು ಯಾರಿಗಾದರೂ ಹೊಳೆಯಬಹುದು ಎಂದು ನಿಯಮ ಬರೆದವರಿಗೂ ಅನಿಸಿರಲಿಕ್ಕಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಚಿಕ್ಕೋಳಿಗೆ ಹೇಳಿದ: "ಮೊದಲು ಅವನದು ಬರಿ. ಆಮೇಲೆ ನಿಂದು. ಅವನದು ನಿನ್ನದಕ್ಕಿಂತ ಒಂದು ಮಾರ್ಕು ಮುಂದಿರ್ಲಿ."

"ಒಂದೇನಾ?"

"ಒಂದೇ. ಜಾಸ್ತಿ ಆದ್ರೆ ಅತಿ ಆಗುತ್ತೆ."

ಹೀಗೆ ನಾಲ್ಕನೇ ಕ್ಲಾಸಿನಿಂದ ಏಳನೆಯದರವರೆಗೆ ಪ್ರತಿ ಪರೀಕ್ಷೆಯಲ್ಲೂ ಅಣ್ಣ ತಂಗಿ ಇಬ್ಬರೂ ಹೆಡ್‌ಮೇಡಂ ಕೋಣೆಯ ಮೂಲೆಯ ಮೇಜಿನಲ್ಲಿ ಕೂತರು. ಅವಳು ಪ್ರಶ್ನೆ ಓದುತ್ತಿದ್ದಳು. ಅವನು ಕೈಕಟ್ಟಿ, ಸೂರು ನೋಡಿ, ಯೋಚಿಸುತ್ತಿದ್ದ. ಯೋಚಿಸುವುದರಲ್ಲಿ ಅವನು ಎಂದೂ ಮೋಸ ಮಾಡಿದವನಲ್ಲ.

"ನದಿಗಳು ಎಲ್ಲಿ ಹುಟ್ಟುತ್ತವೆ?"

"ನಂಗೆ ಈಜು ಬರಲ್ಲ."

"ಸರಿ," ಎಂದು ಅವಳು ಬೆಟ್ಟ, ಹಿಮ, ಬುಗ್ಗೆ ಎಂದೆಲ್ಲ ಅರ್ಧ ಪುಟ ಬರೆಯುತ್ತಿದ್ದಳು.

"ಬರೆದ್ಯಾ?"

"ಬರೆದೆ."

"ಓದು."

ಓದುತ್ತಿದ್ದಳು. ಅವನು ಕೊನೆಯವರೆಗೂ ಕೇಳಿ, ಒಂದು ನಿಟ್ಟುಸಿರು ಬಿಟ್ಟು, "ಮುಂದಿಂದು," ಎನ್ನುತ್ತಿದ್ದ. ಆ ನಿಟ್ಟುಸಿರಿಗೆ ಅವಳು ಎಂದೂ ಗಮನ ಕೊಡಲಿಲ್ಲ. ಹೊತ್ತಾಗುತ್ತಿತ್ತು, ಅವಳಿಗೆ ಇನ್ನೊಂದು ಪೇಪರು ಬರೆಯುವುದಿತ್ತು.

ಎರಡನೆಯ ಪೇಪರು ಸುಲಭ, ಉತ್ತರಗಳೆಲ್ಲ ಆಗಲೇ ಬರೆದಾಗಿದೆ, ಎಂದು ನಿಮಗೆ ಅನಿಸಬಹುದು. ಕಷ್ಟವಿದ್ದದ್ದು ಒಂದು ಮಾರ್ಕು ಕಳೆದುಕೊಳ್ಳುವುದರಲ್ಲಿ. ತಪ್ಪು ಬರೆಯುವುದೂ ಒಂದು ಕಸುಬೇ. ಎರಡು ಮಾರ್ಕಿನ ಪ್ರಶ್ನೆಯನ್ನು ಮುಟ್ಟುವಂತಿಲ್ಲ, ಮೇಷ್ಟರು ಪೂರ್ತಿ ಹೊಡೆದುಬಿಡಬಹುದು. ಲೆಕ್ಕದಲ್ಲಿ ಕೊನೆಯ ಅಂಕೆಯೊಂದನ್ನು ತಪ್ಪಿಸಿದರೆ ಕೆಲವು ಸಲ ಅರ್ಧ ಹೋಗುತ್ತದೆ, ಕೆಲವು ಸಲ ಒಂದು. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳೇ ಭದ್ರ. ಅಲ್ಲೂ ತಪ್ಪು ಮೂರ್ಖತನದ ತಪ್ಪಾಗಬಾರದು, ಬುದ್ಧಿವಂತ ಹುಡುಗಿ ಆತುರದಲ್ಲಿ ಮಾಡಿದ ತಪ್ಪಿನಂತೆ ಕಾಣಬೇಕು. ಅವಳು ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಮೊದಲು ಅದನ್ನೇ ಹುಡುಕುತ್ತಿದ್ದಳು, ಬೇರೆ ಮಕ್ಕಳು ತಮಗೆ ಚೆನ್ನಾಗಿ ಬರುವ ಪ್ರಶ್ನೆ ಹುಡುಕುವ ಹಾಗೆ. ಬರಬರುತ್ತ ಆ ಒಂದು ತಪ್ಪಿನ ಮೇಲೆ ಅವಳಿಗೆ ವಿಚಿತ್ರ ಮಮತೆ ಬೆಳೆಯಿತು. ಎರಡು ಪೇಪರುಗಳಲ್ಲಿ ಅವಳದೇ ಎನ್ನುವಂಥದ್ದು ಅದೊಂದೇ ಇತ್ತು.

ದೊಡ್ಡೋನು ನಾಲ್ಕು ವರ್ಷವೂ ಕ್ಲಾಸಿಗೇ ಫಸ್ಟು. ಚಿಕ್ಕೋಳು ಸೆಕೆಂಡು. ಎರಡು ಪೇಪರಿನಲ್ಲೂ ಒಂದೇ ಕೈಬರಹ ಇದ್ದದ್ದಕ್ಕೆ ಯಾರೂ ಹುಬ್ಬೇರಿಸುವಂತಿರಲಿಲ್ಲ; ನಿಯಮವೇ ಹಾಗಿತ್ತು. ಅವನು ತನ್ನ ಅಂಕಪಟ್ಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೀದಿಯಲ್ಲಿ ಸಿಕ್ಕವರಿಗೆಲ್ಲ ತೋರಿಸುತ್ತಿದ್ದ. "ನಾನು ಫಸ್ಟು. ಇವಳು ಸೆಕೆಂಡು. ಪರವಾಗಿಲ್ಲ, ಚಿಕ್ಕೋಳು."

ಆ ಊರಿನ ಇನ್ನೊಂದು ತುದಿಯಲ್ಲಿ ಒಂದು ದೊಡ್ಡ ಶಾಲೆ ಇತ್ತು. ಆರನೆಯ ಕ್ಲಾಸಿನಲ್ಲಿದ್ದಾಗ ಅವರನ್ನೆಲ್ಲ ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಪ್ರಯೋಗಶಾಲೆಯಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ವಿಜ್ಞಾನದ ಮೇಡಂ ಒಬ್ಬರು ಈರುಳ್ಳಿಯ ಸಿಪ್ಪೆಯೊಂದನ್ನು ಗಾಜಿನ ಮೇಲಿಟ್ಟು, ಒಬ್ಬೊಬ್ಬರಾಗಿ ಬಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಎಂದರು. ದೊಡ್ಡೋನು ಮೊದಲು ನೋಡಿದ. ಬಹಳ ಹೊತ್ತು ನೋಡಿದ, ಆದರೆ ತಪ್ಪು ಕಣ್ಣು ಮುಚ್ಚಿಕೊಂಡಿದ್ದ. ಹಿಂದೆ ಸಾಲು ಬೆಳೆಯಿತು. ಚಿಕ್ಕೋಳ ಸರದಿ ಬಂದಾಗ ಗಂಟೆ ಹೊಡೆಯಲು ಇನ್ನೇನು ಅರೆನಿಮಿಷವಿತ್ತು. ಆ ಅರೆನಿಮಿಷದಲ್ಲಿ ಅವಳು ಕಂಡದ್ದು ಗೋಡೆ ಕಟ್ಟಿದ ಹಾಗೆ ಸಾಲಾಗಿ ಕೂತ ಪುಟ್ಟ ಪುಟ್ಟ ಕೋಣೆಗಳು, ಪ್ರತಿಯೊಂದು ಕೋಣೆಗೂ ಅದರದೇ ಗೋಡೆ. ಮನೆಗೆ ಬಂದು ಅಡುಗೆಮನೆಯ ಈರುಳ್ಳಿಯೊಂದನ್ನು ಸುಲಿದು ಬರಿಗಣ್ಣಿಗೆ ಹಿಡಿದು ನೋಡಿದಳು. ಕಣ್ಣು ಉರಿಯಿತು, ಅಷ್ಟೆ. ಆ ಶಾಲೆಗೆ ಹೋಗಬೇಕು ಎಂದು ಅವಳ ತಲೆಗೆ ಹೊಕ್ಕಿದ್ದು ಆಗ. ಇಂಥದ್ದೊಂದು ಬೇಕು ಎಂದು ಅವಳಿಗೆ ಅಲ್ಲಿಯವರೆಗೆ ಯಾವುದರ ಬಗ್ಗೆಯೂ ಅನಿಸಿರಲಿಲ್ಲ; ಬೇಕು ಎನ್ನುವುದು ಅವಳ ಸರದಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಮುಗಿದುಹೋಗಿರುತ್ತಿತ್ತು.

ಆ ದೊಡ್ಡ ಶಾಲೆಯವರು ಪ್ರತಿ ಸಣ್ಣ ಶಾಲೆಯಿಂದ ಏಳನೇ ಕ್ಲಾಸಿನಲ್ಲಿ ಮೊದಲು ಬಂದ ಒಂದು ಮಗುವಿಗೆ ಸೀಟು ಕೊಡುತ್ತಿದ್ದರು. ಒಂದೇ ಒಂದು. ಉಳಿದ ಮಕ್ಕಳೆಲ್ಲ ಪಕ್ಕದ ಬೀದಿಯ ಹೊಲಿಗೆ ಶಾಲೆಗೋ ರಿಪೇರಿ ಕೆಲಸಕ್ಕೋ ಹೋಗುತ್ತಿದ್ದರು.

ಹೆಡ್‌ಮೇಡಂ ಅರ್ಜಿಯ ಮುಂದೆ ಎರಡು ದಿನ ಕೂತರು. ಅಂಕಗಳ ಪುಸ್ತಕದಲ್ಲಿ ಮೊದಲಿರುವ ಹೆಸರು ಬರೆದರೆ ಒಂದು ತೊಂದರೆ, ಬರೆಯದಿದ್ದರೆ ನಾಲ್ಕು ವರ್ಷದ ತೊಂದರೆ. ಅವರು ಪುಸ್ತಕದಲ್ಲಿದ್ದದ್ದನ್ನೇ ಬರೆದರು. ಸಂದರ್ಶನಕ್ಕೆ ಬನ್ನಿ ಎಂಬ ಕಾಗದ ದೊಡ್ಡೋನ ಹೆಸರಿಗೆ ಬಂತು.

ಅವನು ಅದನ್ನು ತಲೆಕೆಳಗಾಗಿ ಹಿಡಿದುಕೊಂಡು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಹೋಗಿ ಬಂದ.

ಚಿಕ್ಕೋಳು ಅಂದು ಸಂಜೆ ಅಮ್ಮನ ಬಳಿ ಹೋಗಿ ನಿಂತಳು. ಅಮ್ಮ ಪುಸ್ತಕ ಕಟ್ಟುವ ಕಾರ್ಖಾನೆಯಲ್ಲಿ ಹಾಳೆ ಮಡಿಸುವ ಕೆಲಸದವಳು. ಮನೆಯಲ್ಲೂ ಅವಳ ಕೈಗೆ ಏನು ಸಿಕ್ಕಿದರೂ ಮಡಿಕೆಯಾಗಿಬಿಡುತ್ತಿತ್ತು. ಆಗ ಅವಳು ಮರುದಿನಕ್ಕೆ ದೊಡ್ಡೋನ ಅಂಗಿ ಇಸ್ತ್ರಿ ಮಾಡುತ್ತಿದ್ದಳು.

"ಆ ಶಾಲೆಗೆ ನಾನು ಹೋಗ್ಬೇಕಮ್ಮ."

"ಹೋಗ್ತೀಯಲ್ಲ. ಅಪ್ಪ ಎಲ್ಲ ಯೋಚನೆ ಮಾಡಿದಾರೆ. ಸೀಟು ಅವನ ಹೆಸರಲ್ಲಿರುತ್ತೆ. ಬರೆದುಕೊಡೋಕೆ ನೀನು ಜೊತೇಲಿ ಕೂತ್ಕೋತೀಯ. ಪಾಠ ಇಬ್ಬರಿಗೂ ಕಿವಿಗೆ ಬೀಳುತ್ತೆ."

"ಸೂಕ್ಷ್ಮದರ್ಶಕ?"

"ಅವನು ನೋಡಿದ್ಮೇಲೆ ನೀನು ನೋಡು."

"ಎಷ್ಟು ವರ್ಷ?"

ಅಮ್ಮ ಕಾಲರನ್ನು ತಿರುಗಿಸಿ ಹಾಕಿದಳು. "ಮೂರು ವರ್ಷ. ಯಾಕೆ?"

"ನಂಗೆ ಅಲ್ಲಿ ಹೆಸರಿರಲ್ವಾ?"

"ನಾಳೆ ಅವರು ಏನಾದ್ರೂ ಕೇಳ್ತಾರೆ. ಅವನು ಏನಾದ್ರೂ ಹೇಳ್ತಾನೆ. ನೀನು ಸರಿಯಾಗಿ ಬರಿ, ಅಷ್ಟೆ," ಎಂದಳು ಅಮ್ಮ. ಅವಳು ಮಗಳ ಮುಖ ನೋಡಲಿಲ್ಲ. ಅಂಗಿಯ ತೋಳಿನಿಂದ ಅಷ್ಟು ಹೊತ್ತಿಗೆ ಸುಟ್ಟ ವಾಸನೆ ಬರುತ್ತಿತ್ತು, ಹಾಗಾಗಿ ಇಬ್ಬರಿಗೂ ಆ ಕಡೆ ನೋಡಲು ಒಂದು ಕಾರಣ ಸಿಕ್ಕಿತು.

ಮರುದಿನ ನಾಲ್ವರೂ ಹೋದರು. ಬಸ್ಸಿನ ಪ್ರಯಾಣ ಮುಕ್ಕಾಲು ಗಂಟೆ. ಪ್ರಯೋಗಶಾಲೆಯಲ್ಲೇ ಸಂದರ್ಶನ, ಉದ್ದನೆಯ ಮೇಜುಗಳು, ಮೇಜಿಗೊಂದು ನಲ್ಲಿ, ಕಪಾಟಿನಲ್ಲಿ ಗಾಜಿನ ಪಾತ್ರೆಗಳು. ದೊಡ್ಡೋನು ಮೊದಲು ಒಳಗೆ ಹೋದ. ಅದೇ ವಿಜ್ಞಾನದ ಮೇಡಂ. ಕನ್ನಡಕ ಹಣೆಯ ಮೇಲೇ ಇತ್ತು. ಅವರ ಕಣ್ಣು ದೊಡ್ಡೋನನ್ನು ದಾಟಿ, ಅಪ್ಪ ಅಮ್ಮನನ್ನು ದಾಟಿ, ಹಿಂದೆ ನಿಂತಿದ್ದ ಹುಡುಗಿಯ ಮೇಲೆ ನಿಂತಿತು.

"ಬಾಮ್ಮಾ, ಕೂತ್ಕೋ."

"ಅವಳಲ್ಲ. ನಾನು," ಎಂದ ದೊಡ್ಡೋನು. "ನಾನು ಫಸ್ಟು."

ಮೇಡಂ ಕನ್ನಡಕ ಕೆಳಗಿಳಿಸಿ ಕಾಗದ ನೋಡಿದರು. ಆಮೇಲೆ ಅವನ ಮೀಸೆ ನೋಡಿದರು. "ವಯಸ್ಸೆಷ್ಟಪ್ಪಾ?"

"ಹದಿನೇಳು. ಇವಳಿಗೆ ಹದಿಮೂರು. ಇವಳು ಚಿಕ್ಕೋಳು."

ಅಪ್ಪ ಗಂಟಲು ಸರಿ ಮಾಡಿಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಹೇಳಿದ: "ಅವನು ಹೇಳ್ತಾನೆ, ಇವಳು ಬರೀತಾಳೆ. ನಿಯಮ ಇದೆ ಮೇಡಂ."

"ಇದೆ. ಹಾಗೇ ಮಾಡೋಣ," ಎಂದರು ಮೇಡಂ. ಚಿಕ್ಕೋಳ ಮುಂದೆ ಒಂದು ಹಾಳೆ, ಒಂದು ಪೆನ್ನು ಇಟ್ಟರು. ದೊಡ್ಡೋನ ಕಡೆ ತಿರುಗಿ, ನಿಧಾನವಾಗಿ, ಅವನಿಗೇ ಕೇಳಿದರು: "ಗಿಡದ ಎಲೆ ಹಸಿರಾಗಿ ಯಾಕಿರುತ್ತೆ?"

ಅವನು ಕೈಕಟ್ಟಿದ. ಸೂರು ನೋಡಿದ. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು.

"ಅದು ಮೊದಲಿಂದಾನೂ ಹಾಗೇ ಇದೆ," ಎಂದ. "ಅದರಲ್ಲಿ ಕೇಳೋದೇನಿದೆ?"

ಚಿಕ್ಕೋಳ ಪೆನ್ನಿನ ತುದಿಯಲ್ಲಿ ಪತ್ರಹರಿತ್ತು ಆಗಲೇ ಬಂದು ನಿಂತಿತ್ತು. ಸೂರ್ಯನ ಬೆಳಕು, ನೀರು, ಗಾಳಿ, ಎಲೆ ತನ್ನ ಆಹಾರ ತಾನೇ ತಯಾರಿಸಿಕೊಳ್ಳುವುದು, ಎಲ್ಲವೂ ಸಾಲಾಗಿ, ಅರ್ಧ ಪುಟಕ್ಕೆ ಆಗುವಷ್ಟು. ಬರೆದರೆ ಒಳಗೆ ಬರಬಹುದು. ಮೂರು ವರ್ಷ ಈ ಮೇಜಿನಲ್ಲಿ ಕೂರಬಹುದು, ಅವನು ನೋಡಿ ಆದಮೇಲೆ ನೋಡಬಹುದು. ಬರೆಯದಿದ್ದರೆ ಏನಾಗುತ್ತದೋ ಅವಳಿಗೆ ಗೊತ್ತಿರಲಿಲ್ಲ. ಬಹುಶಃ ಇಬ್ಬರೂ ಮನೆಗೆ. ಅಪ್ಪ ಅವಳ ಕೈಯನ್ನೇ ನೋಡುತ್ತಿದ್ದ, ತಕ್ಕಡಿಯ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡುವವನ ಹಾಗೆ.

ಅವಳು ಒಂದೇ ಸಾಲು ಬರೆದಳು. ಪೆನ್ನು ಕೆಳಗಿಟ್ಟಳು.

"ಅಷ್ಟೇನಾ? ಓದು," ಎಂದರು ಮೇಡಂ.

"ಅದು ಮೊದಲಿಂದಾನೂ ಹಾಗೇ ಇದೆ. ಅದರಲ್ಲಿ ಕೇಳೋದೇನಿದೆ."

ಅಪ್ಪ ಕಣ್ಣು ಮುಚ್ಚಿಕೊಂಡ. ಅಣ್ಣನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಮಾನ ಕಳೆದೆ ಎಂದು ಚಿಕ್ಕೋಳಿಗೆ ಅನಿಸಿತು. ಅವಳು ತಿರುಗಿ ಅವನ ಮುಖ ನೋಡಿದಳು. ಅವನು ಮೆಚ್ಚಿ ತಲೆಯಾಡಿಸುತ್ತಿದ್ದ.

"ಹಾಂ," ಎಂದ. "ಇವತ್ತು ಸರಿಯಾಗಿ ಬರೆದಿದಾಳೆ."

"ಬೇರೆ ದಿನ?" ಮೇಡಂ ಕೇಳಿದರು.

"ಬೇರೆ ದಿನ ತನಗೆ ತೋಚಿದ್ದು ಬರೀತಾಳೆ. ನಾನು ಒಂದು ಹೇಳಿದ್ರೆ ಇವಳು ಇನ್ನೊಂದು ಓದ್ತಾಳೆ. ಉದ್ದಕ್ಕೆ. ನಾನು ಯಾರಿಗೂ ಹೇಳಿಲ್ಲ." ಅವನು ದನಿ ತಗ್ಗಿಸಿದ, ದೊಡ್ಡವರು ದೊಡ್ಡವರೊಡನೆ ಮಾತಾಡುವ ಹಾಗೆ. "ಚಿಕ್ಕೋಳು. ಏನ್ಮಾಡೋದು. ಹೊಟ್ಟೆಗೆ ಹಾಕ್ಕೊಂಡಿದೀನಿ."

ಚಿಕ್ಕೋಳು ಮೇಜಿನ ಮೇಲಿನ ಹಾಳೆಯನ್ನೇ ನೋಡುತ್ತ ಕೂತಳು. ನಾಲ್ಕು ವರ್ಷ ತಾನು ಅವನನ್ನು ಹೊತ್ತುಕೊಂಡು ಬಂದೆ ಎಂದುಕೊಂಡಿದ್ದಳು. ಆ ನಾಲ್ಕು ವರ್ಷವೂ ಅವನು ಪಕ್ಕದಲ್ಲಿ ಕೂತು, ಹೇಳಿದ್ದನ್ನು ನೆಟ್ಟಗೆ ಬರೆದುಕೊಳ್ಳಲೂ ಬಾರದ ತಂಗಿಯೊಬ್ಬಳನ್ನು ಸಹಿಸಿಕೊಂಡು ಬಂದಿದ್ದ. ಒಂದು ನಿಟ್ಟುಸಿರು, ಮುಂದಿನ ಪ್ರಶ್ನೆ. ಅವನ ಎಷ್ಟು ಉತ್ತರಗಳನ್ನು ಅವಳು ಕಿವಿಗೆ ಹಾಕಿಕೊಳ್ಳದೆ ಬಿಟ್ಟಿದ್ದಳು ಎಂದು ಲೆಕ್ಕ ಹಾಕಲು ಹೋದರೆ ಒಂದೂ ನೆನಪಾಗಲಿಲ್ಲ, ಈಜಿನದೊಂದು ಬಿಟ್ಟು.

"ಹಾಗಾದ್ರೆ ಈ ಪೇಪರೆಲ್ಲ ಯಾರದು?" ಎಂದರು ಮೇಡಂ.

ಅಪ್ಪ ಬಾಯಿ ತೆರೆದ. ನಿಯಮ ಎಂಬ ಮಾತು ಅರ್ಧ ಹೊರಗೆ ಬಂದಿತ್ತು.

"ಎಲ್ಲಾ ಅವಳ್ದು," ಎಂದಳು ಅಮ್ಮ. ಬಂದಾಗಿನಿಂದ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು. ಕೈಯಲ್ಲಿದ್ದ ಸಂದರ್ಶನದ ಲಕೋಟೆಯನ್ನು ಅವಳು ಎಂಟು ಮಡಿಕೆ ಮಾಡಿಬಿಟ್ಟಿದ್ದಳು. "ಇಬ್ಬರದ್ದೂ ಅವಳ್ದೇ. ನಾನೇ ಶುರು ಮಾಡಿಸಿದ್ದು. ಅವಳು ಅವನಿಗೆ ಆಯಾ ಆಗಬಾರದು ಅಂತ ಮಾಡಿದೆ. ಏನಾಯ್ತು ಅಂತ ನೋಡ್ಕೊಳ್ಳಲಿಲ್ಲ."

"ಇಬ್ಬರದ್ದೂ ಇವಳೇ ಬರೆದಿದ್ರೆ ಇವಳಿಗೆ ಪ್ರತಿ ಸಲ ಒಂದು ಮಾರ್ಕು ಕಡಿಮೆ ಹೇಗೆ?"

"ಒಂದೇ ಸಾಕು ಅಂದ್ಕೊಂಡ್ವಿ ಮೇಡಂ," ಎಂದ ಅಪ್ಪ. "ಜಾಸ್ತಿ ಆದ್ರೆ ಅತಿ ಆಗುತ್ತೆ."

ಮೇಡಂ ಅವನ ಕಡೆ ತಿರುಗಿದರು. "ನೀವು ಏನು ಕೆಲಸ ಮಾಡ್ತೀರಿ?"

"ತಕ್ಕಡಿ ಸರಿ ಮಾಡ್ತೀನಿ."

ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಎರಡೂ ಗಾಜುಗಳನ್ನು, ಒಳಗೂ ಹೊರಗೂ.

ಆಮೇಲೆ ಅವರು ಚಿಕ್ಕೋಳನ್ನು ಹತ್ತಿರ ಕೂರಿಸಿಕೊಂಡು ಅವಳಿಗೇ ಪ್ರಶ್ನೆ ಕೇಳತೊಡಗಿದರು. ಮೊದಲನೆಯ ಉತ್ತರ ಹೇಳುವಾಗ ಅವಳಿಗೆ ತನ್ನ ದನಿಯೇ ಬೇರೆಯವರ ದನಿಯಂತೆ ಕೇಳಿಸಿತು. ನಾಲ್ಕನೆಯದರ ಹೊತ್ತಿಗೆ ಎಲ್ಲಿ ತಪ್ಪು ಹೇಳಲಿ ಎಂದು ಮನಸ್ಸು ಹುಡುಕಾಡುತ್ತಿರುವುದನ್ನು ಅವಳೇ ಹಿಡಿದಳು, ಕೈಯಲ್ಲಿ ನೊಣ ಹಿಡಿದ ಹಾಗೆ. ಏಳನೆಯ ಪ್ರಶ್ನೆ ನಿಜವಾಗಿಯೂ ಗೊತ್ತಿರಲಿಲ್ಲ. "ಗೊತ್ತಿಲ್ಲ," ಎಂದಳು. ಅದನ್ನು ಹೇಳುವುದು ಇಷ್ಟು ಹಗುರ ಎಂದು ಅವಳಿಗೆ ಅಂದಾಜಿರಲಿಲ್ಲ. ಆ ಹೊತ್ತಿನಲ್ಲಿ ದೊಡ್ಡೋನು ಕೋಣೆಯ ಹನ್ನೆರಡು ನಲ್ಲಿಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿ, ತೊಟ್ಟಿಕ್ಕುತ್ತಿದ್ದುದನ್ನು ಪತ್ತೆ ಮಾಡಿ ಗಟ್ಟಿಯಾಗಿ ಮುಚ್ಚಿ ಬಂದ.

"ನಿಮ್ಮ ಹೆಡ್‌ಮೇಡಮ್ಮಿಗೆ ನಾನು ಬರೀಬೇಕಾಗುತ್ತೆ," ಎಂದರು ಮೇಡಂ ಕೊನೆಗೆ. "ಅವರಿಗೆ ಅದು ಹಿಡಿಸೋದಿಲ್ಲ. ಇವನ ಫಲಿತಾಂಶ ರದ್ದಾಗುತ್ತೆ. ಮೊದಲನೆಯದು ರದ್ದಾದ್ರೆ ಎರಡನೆಯವರೇ ಮೊದಲು. ಅದೂ ನಿಯಮವೇ." ಚಿಕ್ಕೋಳ ಕಡೆ ತಿರುಗಿ, "ಸೋಮವಾರ ಬಾ. ಒಬ್ಬಳೇ ಬಾ," ಎಂದರು.

ಹೊರಗೆ ಮೆಟ್ಟಿಲಿಳಿಯುವಾಗ ದೊಡ್ಡೋನು ಕೇಳಿದ.

"ನಾನು ಯಾವತ್ತು ಬರ್ಬೇಕು?"

"ಆಮೇಲೆ ಹೇಳ್ತೀನಿ ಮಗಾ," ಎಂದಳು ಅಮ್ಮ.

"ಕಾಗದ ಬರುತ್ತೆ," ಎಂದ ಅಪ್ಪ.

ಕಾಗದ ಬರುತ್ತದೆ ಎಂದು ಚಿಕ್ಕೋಳಿಗೂ ಗೊತ್ತಾಯಿತು. ಅಪ್ಪ ಒಳ್ಳೆಯ ಹಾಳೆ ತರುತ್ತಾನೆ, ಅಮ್ಮ ಅದನ್ನು ಅಂದವಾಗಿ ಮಡಿಸುತ್ತಾಳೆ, ಬರೆಯುವುದಕ್ಕೆ ಅವಳನ್ನೇ ಕೂರಿಸುತ್ತಾರೆ. ಮನೆಯಲ್ಲೇ ಓದಬೇಕಾದ ವಿಶೇಷ ಸೀಟು, ಫಸ್ಟು ಬಂದವರಿಗೆ ಮಾತ್ರ, ಅಂಥದ್ದೇನೋ ಒಂದು. ಅವನು ಕೇಳುತ್ತಾನೆ, ಒಂದು ನಿಟ್ಟುಸಿರು ಬಿಡುತ್ತಾನೆ, ಹೊಟ್ಟೆಗೆ ಹಾಕಿಕೊಳ್ಳುತ್ತಾನೆ.

ಬಸ್ ನಿಲ್ದಾಣದಲ್ಲಿ ಅವಳು ಅವನ ಎದುರಿಗೆ ಹೋಗಿ ನಿಂತಳು.

"ಸೀಟು ನಂದು," ಎಂದಳು. "ನಿಂದಲ್ಲ."

"ಚಿಕ್ಕೋಳೇ," ಎಂದ ಅಪ್ಪ, ಎಚ್ಚರಿಸುವ ದನಿಯಲ್ಲಿ. ಅಮ್ಮ ಗಂಡನ ತೋಳು ಹಿಡಿದಳು.

"ಸುಳ್ಳು," ಎಂದ ದೊಡ್ಡೋನು.

"ನಿಜ. ನೀನು ಅಲ್ಲಿಗೆ ಹೋಗಲ್ಲ. ನಾನೊಬ್ಬಳೇ ಹೋಗ್ತೀನಿ."

"ನಾನು ಫಸ್ಟು." ಅವನು ಜೇಬಿನಿಂದ ಅಂಕಪಟ್ಟಿ ತೆಗೆದು ಬಿಡಿಸಿದ. "ನೋಡು. ನಾನು ಫಸ್ಟು."

"ಅದೂ ನಂದೇ. ನೀನು ಹೇಳಿದ್ದನ್ನ ನಾನು ಬರೀಲಿಲ್ಲ. ಒಂದು ದಿನಾನೂ ಬರೀಲಿಲ್ಲ. ನಂಗೆ ಗೊತ್ತಿದ್ದದ್ದು ಬರೆದೆ, ನಿನ್ನ ಹೆಸರು ಹಾಕಿದೆ."

ಅವನು ಯೋಚಿಸಿದ. ಎಂದಿನಂತೆ ಪೂರ್ತಿ ಯೋಚಿಸಿದ. ಒಂದು ಬಸ್ಸು ಬಂದು, ಬಾಗಿಲು ತೆರೆದು, ಕಾದು, ಹೋಯಿತು. ಯೋಚನೆ ಮುಗಿದದ್ದು ಅವನ ಕತ್ತಿನಲ್ಲಿ ಕಂಡಿತು. ಅದು ಮೊದಲು ಕೆಂಪಾಯಿತು, ಆಮೇಲೆ ಮುಖ.

"ನಾನು ಹೇಳಿದ್ದು ಎಲ್ಲಿ ಹೋಯ್ತು?" ಎಂದ.

"ಗೊತ್ತಿಲ್ಲ," ಎಂದಳು ಅವಳು.

ಅವನು ಕಲ್ಲಿನ ಬೆಂಚಿನ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತ. ಅಮ್ಮ ಕರೆದಳು, ಅಪ್ಪ ಕರೆದ. ಎರಡನೆಯ ಬಸ್ಸೂ ಹೋಯಿತು. ಹಿಂದೆ ಆಗಿದ್ದರೆ ಚಿಕ್ಕೋಳು ಹೋಗಿ ಏನಾದರೊಂದು ಹೇಳಿ, ನಗಿಸಿ, ತಪ್ಪು ತನ್ನದೆಂದು ಒಪ್ಪಿ, ಎಬ್ಬಿಸಿಕೊಂಡು ಬರುತ್ತಿದ್ದಳು. ಆ ಕೆಲಸಕ್ಕೂ ಅವಳೇ ಇದ್ದಳು. ಅಂದು ಅವಳು ಹೋಗಲಿಲ್ಲ. ತನ್ನ ಜಾಗದಲ್ಲಿ ನಿಂತು ಕಾದಳು.

ಮೂರನೆಯ ಬಸ್ಸಿಗೆ ಅವನು ತಾನೇ ಎದ್ದ. ಹತ್ತಿ ಕಿಟಕಿಯ ಪಕ್ಕ ಕೂತ. ಅವಳು ಬಂದು ಪಕ್ಕದ ಸೀಟಿನ ಬಳಿ ನಿಂತಾಗ, ಅವಳ ಕಡೆ ನೋಡದೆ, ಕಾಲಿನಿಂದ ಚಪ್ಪಲಿ ಕಳಚಿ ಒಂದನ್ನು ಆ ಸೀಟಿನ ಮೇಲಿಟ್ಟ. ಸ್ವಲ್ಪ ಯೋಚಿಸಿ ಇನ್ನೊಂದನ್ನೂ ಇಟ್ಟ.

ಹಿಂದಿನ ಸೀಟಿನಿಂದ ಅಮ್ಮ, "ಬಾ, ಇಲ್ಲಿ ಕೂತ್ಕೋ," ಎಂದಳು. ಚಿಕ್ಕೋಳು ಬೇಡ ಎಂದು ತಲೆಯಾಡಿಸಿದಳು. ಅವಳ ಮೇಲೆ ಅವನಿಗೆ ಸಿಟ್ಟು ಬಂದಿತ್ತು. ತುತ್ತಿಗೆ, ಬಾಗಿಲಿಗೆ ಬರುವ ಸಿಟ್ಟಲ್ಲ. ಅವಳು ಮಾಡಿದ್ದಕ್ಕೆ ಬಂದ, ನ್ಯಾಯವಾದ ಸಿಟ್ಟು. ಹಾಗೆ ಸಿಟ್ಟು ಮಾಡಿಕೊಳ್ಳುವಷ್ಟು ವಿಷಯವನ್ನು ಅವನಿಗೆ ಯಾರೂ ಇಲ್ಲಿಯವರೆಗೆ ಹೇಳಿರಲಿಲ್ಲ. ಮುಕ್ಕಾಲು ಗಂಟೆಯ ದಾರಿಯುದ್ದಕ್ಕೂ ಅವಳು ಕಂಬಿ ಹಿಡಿದುಕೊಂಡು ಅವನ ಪಕ್ಕದಲ್ಲೇ ನಿಂತಿದ್ದಳು, ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಆ ಎರಡು ಚಪ್ಪಲಿಗಳು ಕೆಳಗೆ ಬೀಳದಂತೆ ಅವನು ಒಂದು ಕೈ ಅಡ್ಡ ಹಿಡಿಯುವುದನ್ನು ನೋಡುತ್ತ.